ಕೆಂಪಂಗಿ ಮೇಸ್ತ್ರಿ

ನಮ್ಮ ಮಾವನವರು ರಸ್ತೆಯಲ್ಲಿ ಬರುತ್ತಿದ್ದರೆ ಮೊದಲು ಅಂಗಿ ಕಾಣುತ್ತಿತ್ತು, ಆಮೇಲೆ ಮೀಸೆ, ಕೊನೆಗೆ ಮನುಷ್ಯ. ದಾಸವಾಳದಷ್ಟು ಕೆಂಪಗಿನ, ತುಂಬುತೋಳಿನ ಅಂಗಿ. ಐವತ್ತರ ದಶಕದ ಮೊದಲಲ್ಲಿ ನಾನು ಕೆ.ಆರ್. ನಗರದಿಂದ ಕಂಪಲಾಪುರಕ್ಕೆ ಸೊಸೆಯಾಗಿ ಬಂದೆ. ಮದುವೆಯ ದಿನ ಚಪ್ಪರದಲ್ಲಿ ಓಡಾಡುತ್ತಿದ್ದ ಕೆಂಪಂಗಿಯವರನ್ನು ವಾಲಗದವರ ಪೈಕಿ ಎಂದುಕೊಂಡಿದ್ದೆ. ಅವರೇ ಮಾವ ಎಂದು ಗೊತ್ತಾದದ್ದು ಕಾಲಿಗೆ ಬೀಳುವಾಗ.

ಹೆಸರು ಚನ್ನಬಸಪ್ಪ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಗುಂಡಿ ಮುಚ್ಚಿ ಜಲ್ಲಿ ಹರಡುವ ಆಳುಗಳಿಗೆ ಮೇಸ್ತ್ರಿ. ಬೇರೆ ಮೇಸ್ತ್ರಿಗಳು ಕೆಲಸದ ಜಾಗದಲ್ಲಿ ಒಂದು ಕೆಂಪು ಬಾವುಟ ನೆಟ್ಟು, ಮರದಡಿ ಕೂತು ಬೀಡಿ ಹಚ್ಚುತ್ತಿದ್ದರು. ಮಾವನಿಗೆ ಅಷ್ಟು ಸಾಲದು.

"ಬಾವುಟಕ್ಕೆ ಕಾಲಿಲ್ಲ ಕಣವ್ವ," ಎನ್ನುತ್ತಿದ್ದರು ನನಗೆ. "ಲಾರಿ ಬಂದ್ರೆ ಅದು ಎದುರ್ಗೆ ಓಯ್ತದಾ? ನಾನು ಓಯ್ತೀನಿ."

ಹಾಗಾಗಿ ಸ್ವತಃ ಬಾವುಟವಾಗಿದ್ದರು. ಸಂತೆಗೂ ಅದೇ ಅಂಗಿ, ನೆಂಟರ ಮನೆಗೂ ಅದೇ. ಒಗೆದರೆ ಬೇಲಿಯ ಮೇಲೆ ಉರಿಬಿಸಿಲಿಗೆ ಹರವಿ, ರೊಟ್ಟಿ ಮಗುಚಿದ ಹಾಗೆ ಎರಡೂ ಕಡೆ ಮಗುಚಿ ಒಣಗಿಸುತ್ತಿದ್ದರು. ಬಿಸಿಲು ಅದರ ಪಾಡಿಗೆ ಅದು ಬಣ್ಣ ತಿನ್ನುತ್ತಿತ್ತು. ಮೊದಲು ಹೆಗಲು ಬಿಳಿಚಿತು, ಆಮೇಲೆ ಬೆನ್ನು. ಒಂದೆರಡು ಬೇಸಗೆ ಕಳೆಯುವಷ್ಟರಲ್ಲಿ ದಾಸವಾಳ ಉಳಿದದ್ದು ಕಂಕುಳಲ್ಲಿ ಮಾತ್ರ.

"ಏನ್ರೀ, ಅಂಗಿ ಬಣ್ಣ ಓಗದೆ ಕಣ್ರೀ," ಎನ್ನುತ್ತಿದ್ದರು ನಮ್ಮತ್ತೆ ಗೌರಮ್ಮ.

"ನಿನ್ನ ಕಣ್ಣಿಗೆ ಪೊರೆ ಬಂದದೆ. ಬಿಸ್ಲು ಕುಡುದ್ರೆ ಬಣ್ಣ ಮಾಗಿ ಅಣ್ಣಾಯ್ತದೆ, ಓಗಕ್ಕಿಲ್ಲ."

"ಅಣ್ಣಾಗಿ ಉದುರೋಗದೆ."

ಬೆಳಗಿನ ರೊಟ್ಟಿಯ ಜೊತೆ ಈ ಜಗಳ ನಮಗೆಲ್ಲ ನಂಚಿಕೊಳ್ಳುವುದಕ್ಕಿತ್ತು.

ಒಂದು ಮಧ್ಯಾಹ್ನ ನಾನು ಮಾವನಿಗೆ ಮುದ್ದೆ, ಸೊಪ್ಪಿನ ಸಾರು ತೆಗೆದುಕೊಂಡು ಹೋಗಿದ್ದೆ. ಊರಾಚೆಯ ತಿರುವಿನಲ್ಲಿ ಕೆಲಸ ನಡೆದಿತ್ತು. ಸಣ್ಣಮ್ಮ ಎಂಬ ಆಳು ರಸ್ತೆ ನಡುವೆ ಬಗ್ಗಿ ಮಂಕರಿಯಿಂದ ಜಲ್ಲಿ ಸುರಿಯುತ್ತಿದ್ದಳು. ಪಿರಿಯಾಪಟ್ಟಣದ ಕಡೆಯಿಂದ ಬಸ್ಸು ಬಂತು. ಮಾವ ಎರಡೂ ಕೈ ಎತ್ತಿ ಅದಕ್ಕೆ ಎದುರಾಗಿ ಓಡಿದರು. ಬಸ್ಸು ನಿಧಾನವಾಗಲೇ ಇಲ್ಲ. ತೀರ ಹತ್ತಿರ ಬಂದ ಮೇಲೆ ಕಿರ್ರನೆ ಕಿರುಚಿ, ಪಕ್ಕಕ್ಕೆ ಹೊರಳಿ, ಚರಂಡಿಯ ಅಂಚಿನಲ್ಲಿ ನಿಂತಿತು. ಸಣ್ಣಮ್ಮ ಹಾರಿ ಉಳಿದಳು. ಅವಳ ಮಂಕರಿ ಚಕ್ರದಡಿ ಅಪ್ಪಚ್ಚಿಯಾಗಿತ್ತು.

ಡ್ರೈವರ್ ಇಳಿದು ಓಡಿಬಂದ.

"ಕುಡ್ದಿದ್ದೀಯೇನ್ಲಾ?" ಎಂದು ಮಾವ ಗುಡುಗಿದರು.

"ಇಲ್ಲ ಮೇಸ್ತ್ರಿಗಳೇ, ದೇವ್ರಾಣೆ ನೀವು ಕಾಣ್ನಿಲ್ಲ. ಕೆಮ್ಮಣ್ಣು ರಸ್ತೆ, ಮಾಸಿ ಅದೇ ಬಣ್ಣ ಆಗಿರೋ ಅಂಗಿ. ರಸ್ತೆನೇ ಎದ್ದು ಕೈ ಎತ್ತದಂಗಾಯ್ತು."

ಮಾವ ತಮ್ಮ ತೋಳು ನೋಡಿಕೊಂಡರು, ನೆಲ ನೋಡಿದರು. ರಸ್ತೆ ಬದಿಯಲ್ಲಿ ಕೂತು ಅಳುತ್ತಿದ್ದ ಸಣ್ಣಮ್ಮನಿಗೆ ನಾನು ತಂದಿದ್ದ ನೀರು ಕುಡಿಸಿದರು. ಮುದ್ದೆಯನ್ನು ಮುಟ್ಟಲಿಲ್ಲ.

ಮನೆಗೆ ಬಂದು ಅಂಗಿ ಬಿಚ್ಚಿ, ಕೆಳಗಿನ ಮಡಿಕೆಯ ಹೊಲಿಗೆಯನ್ನು ಉಗುರಿನಿಂದ ಬಿಡಿಸಿದರು. ಒಳಗೆ ಬಿಸಿಲು ಕಾಣದ ಒಂದು ಬೆರಳಗಲ ಕೆಂಪು.

"ಗೌರಿ, ಇದು ಇಷ್ಟು ಕೆಂಪಗಿತ್ತಾ?"

ಅತ್ತೆ ಈಗ ಚೆನ್ನಾಗಿ ಹಂಗಿಸುತ್ತಾರೆಂದು ಕಾದೆ. ಅವರು "ಇತ್ತು ಕಣ್ರೀ" ಎಂದಷ್ಟೇ ಹೇಳಿ ಒಳಗೆ ಹೋದರು. ಪೆಟ್ಟಿಗೆಯಿಂದ ತಮ್ಮ ಮದುವೆಯ ಕೆಂಪು ಸೀರೆ ತಂದು ನನ್ನ ಮಡಿಲಿಗೆ ಹಾಕಿದರು.

"ಕತ್ತರ್ಸವ್ವ. ಪೆಟ್ಟಿಗೇಲಿದ್ರೆ ಯಾರಿಗೆ ಕಾಣ್ತದೆ?"

ಮಾವ ಬೇಡವೆಂದರು. ಮುಂದಿನ ಸಂತೆಯಲ್ಲಿ ಬಟ್ಟೆ ತರುತ್ತೇನೆಂದರು. "ಸಂತೆಗಂಟ ಬಸ್ಸು ಕಾಯ್ತದಾ?" ಎಂದು ಕೇಳಿ ಅತ್ತೆಯೇ ಕತ್ತರಿ ಎತ್ತಿಕೊಂಡರು. ನಾವಿಬ್ಬರೂ ಅಂಗಿ ಹೊಲಿದು ಮುಗಿಸುವವರೆಗೂ ಮಾವ ಆಳುಗಳನ್ನು ರಸ್ತೆಗೆ ಇಳಿಸಲಿಲ್ಲ, ಮರದಡಿ ಜಲ್ಲಿ ಒಡೆಸುತ್ತಾ ಕೂತರು. ಜರಿಯಂಚು ತೆಗೆದುಬಿಡೋಣವೆಂದು ನಾನೆಂದರೆ, "ಇರ್ಲಿ ಬುಡು, ಮಿಂಚಿದ್ರೆ ಇನ್ನೂ ದೂರಕ್ಕೆ ಕಾಣ್ತಾರೆ" ಎಂದರು ಅತ್ತೆ.

ಕೈತುದಿಗೆ ಜರಿ ಹೊತ್ತು ಮಾವ ರಸ್ತೆಗಿಳಿದರು. ಬಸ್ಸಿನವರಿಗೆ ಹಬ್ಬ.

"ಮೇಸ್ತ್ರಿಗಳೇ, ದಿಬ್ಬಣ ಯಾವೂರಿಗೆ?"

"ನಿನ್ನ ಗಾಡಿ ನಿಲ್ತಲ್ಲ, ಅಷ್ಟು ಸಾಕು ಬುಡ್ಲಾ."

ಆಮೇಲೆ ಬಣ್ಣದ ವಿಷಯದಲ್ಲಿ ಅವರು ಮಾಡಿದ ಮಡಿ ಪೂಜಾರಿಯೂ ಮಾಡಲಾರ. ಅಂಗಿ ಒಣಗಬೇಕಾದದ್ದು ನಡುಮನೆಯ ನೆರಳಿನಲ್ಲೇ. ಪಿರಿಯಾಪಟ್ಟಣದ ಕಡೆಯ ಮೇಸ್ತ್ರಿಗಳ ಬಾವುಟ ಕಿತ್ತು, "ಇದು ಬಾವುಟವಾ, ಮಸಿಬಟ್ಟೆಯಾ?" ಎಂದು ಕೇಳಿ ಜಗಳ ತರುತ್ತಿದ್ದರು. ಬಿಸಿಲಿಗೆ ಬಣ್ಣ ಹೋಗುತ್ತದೆಂಬುದನ್ನು ತಾವೇ ಕಂಡುಹಿಡಿದವರಂತೆ ಅತ್ತೆಗೂ ವಿವರಿಸುತ್ತಿದ್ದರು. ಅತ್ತೆ "ಔದಾ?" ಎನ್ನುತ್ತಿದ್ದರು.

ನನ್ನ ಗಂಡನಿಗೆ ಎಚ್.ಡಿ. ಕೋಟೆಯಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದೆವು. ಅವರಿದ್ದಾಗ ನಾನು ಕೊನೆಯ ಸಲ ಊರಿಗೆ ಬಂದಾಗ ಮಾವ ಕೆಲಸ ಬಿಟ್ಟು ಮನೆಯಲ್ಲಿದ್ದರು. ಕೋಲೂರಿಕೊಂಡು ಬಂದು ನನ್ನನ್ನು ಬಸ್ಸು ಹತ್ತಿಸಿದರು. "ಮಗಾ, ಕಿಟಕಿಯಿಂದ ಕೈ ಆಚೆ ಆಕ್ಬೇಡ," ಎಂದರು. ನಾನು ಎರಡು ಮಕ್ಕಳ ತಾಯಿಯಾಗಿದ್ದೆ.

ಆ ವರ್ಷದ ಶಿವರಾತ್ರಿ ಕಳೆದ ವಾರದಲ್ಲೇ ಹೋಗಿಬಿಟ್ಟರು. ಮಣ್ಣಿಗೆ ಒಯ್ಯುವ ಮುಂಚೆ ಅವರನ್ನು ಜಗುಲಿಯ ಮೇಲೆ ಕೂರಿಸಿದ್ದರು. ಮನೆಯ ಮುಂದಿನ ರಸ್ತೆಯಲ್ಲಿ ಬಸ್ಸುಗಳು ಒಂದೊಂದಾಗಿ ಬಂದವು. ಕೈ ಎತ್ತಿ ತಡೆಯುವವರು ಯಾರೂ ಇರಲಿಲ್ಲ. ಆದರೂ ಪ್ರತಿ ಬಸ್ಸೂ ನಿಂತು, ಡ್ರೈವರ್ ಇಳಿದು ಬಂದು ಕೈಮುಗಿದು ಹೋಗುತ್ತಿದ್ದ.