ಪಕ್ಕೆ ನೋಡುವ ಗಂಗವ್ವ

ಗಂಗವ್ವ ಯಾವ ನಾಯಿಯ ಮುಖವನ್ನೂ ನೋಡುತ್ತಿರಲಿಲ್ಲ, ಪಕ್ಕೆ ನೋಡುತ್ತಿದ್ದಳು. ದಾರಿಯಲ್ಲಿ ನಾಯಿ ಅಡ್ಡ ಬಂದರೆ ಸಾಕು, ಸೊಂಟದ ಕೊಡ ಇಳಿಸಿ, ಕಣ್ಣು ಕಿರಿದು ಮಾಡಿ ಎಲುಬು ಎಣಿಸುವಳು. “ಮೂರ ಕಂಡ್ರ ನಾಯಿ, ಕಾಣಲಿಲ್ಲಂದ್ರ ಹಂದಿ” ಅನ್ನುವಳು.

ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಮುಧೋಳದ ಕಡೆಯವಳು. ತವರಿನಲ್ಲಿ ಮುತ್ತಜ್ಜನ ಕಾಲದಿಂದ ಬೇಟೆನಾಯಿ ಸಾಕಿದವರು. ಬನಹಟ್ಟಿಯ ನಮ್ಮ ಮನೆಗೆ ಸಾವಳಗಿಯಿಂದ, ಗಲಗಲಿಯಿಂದ ಜನ ನಾಯಿ ಹಿಡಿದುಕೊಂಡು ಅವಳನ್ನು ಕೇಳಲು ಬರುತ್ತಿದ್ದರು. ಅವಳಿಗೆ ಅದರ ಬಿಗುಮಾನ. ಬಂದವರಿಗೆಲ್ಲ ಚಹಾ ಕಾಸಿ ಕಾಸಿ ನನಗೆ ಸಾಕಾಗಿತ್ತು.

ನಮ್ಮದು ಮಗ್ಗದ ಮನೆ. ನೂಲಿಗೆ ಗಂಜಿ ಕೊಡುತ್ತೇವೆ. ಅದರ ವಾಸನೆಗೆ ಇಲಿ ಬಂದು ನೂಲು ಕಡಿಯುತ್ತವೆ. ಅದಕ್ಕೆಂದು ಅವಳ ಅಳಿಯ ಸೊಲ್ಲಾಪುರದಿಂದ ಒಂದು ನಾಯಿ ತಂದ. “ಅತ್ತಿ, ಟೆರಿಯರ್ ಅಂತಾರ್ರೀ ಇದಕ್ಕ. ಇಲಿ ಹಿಡಿಯೂ ಜಾತಿ” ಅಂದ. ಮೊಣಕಾಲಿಗೂ ಬರದ ಎತ್ತರ. ತೆಂಗಿನ ನಾರಿನಂಥ ಕೂದಲು. ಮೇಲೆ ಗಡ್ಡ ಬೇರೆ.

“ಇದಕ್ಕ ಯಾರ್ರೀ ನಾಯಿ ಅಂತಾರ? ಕಸಬರಿಗಿ ತುಂಡ ಇದು!” ಅಂದಳು ಗಂಗವ್ವ. ಗಡ್ಡ್ಯಾ ಎಂದು ಹೆಸರಿಟ್ಟವಳೂ ಅವಳೇ.

ಎಂಟು ದಿನದಲ್ಲಿ ಗಡ್ಡ್ಯಾ ನಾಲ್ಕು ಇಲಿ ಹಿಡಿಯಿತು. ಬಿಲ ಕಂಡರೆ ಮಣ್ಣು ಕೆದರಿ ಅರ್ಧ ಮೈ ಒಳಗೆ ತೂರಿಸುವುದು. ಕರೆದರೆ ಬರುವುದಿಲ್ಲ, ಬೈದರೆ ತಿರುಗಿ ಬೊಗಳುವುದು.

“ಥೇಟ್ ನಿನ್ನಂಗ ಐತಿ ನೋಡ” ಅಂದೆ.

“ಅದಕ್ಕ ಛಲೋ ಐತಿ” ಅಂದಳು.

ಕೆಟ್ಟದ್ದು ಕೂಳಿನ ವಿಷಯಕ್ಕೆ. ಗಂಗವ್ವ ದಿನಾ ಪಕ್ಕೆ ನೋಡುವಳು. ಅಷ್ಟು ಕೂದಲಿನೊಳಗೆ ಎಲುಬು ಹೇಗೆ ಕಾಣಬೇಕು? ಕಾಣಲಿಲ್ಲ. ನಾಯಿಗೆ ಬೊಜ್ಜು ಬಂದಿದೆ ಎಂದು ಒಂದು ರೊಟ್ಟಿ ಇದ್ದದ್ದನ್ನು ಅರ್ಧ ಮಾಡಿದಳು. ಅರ್ಧ ಹೋಗಿ ಚೂರಾಯಿತು.

“ಗಂಗವ್ವಾ, ಹಸದೈತಿ ಅದು. ಖಾಲಿ ಪರಾತ ನೆಕ್ಕಾಕತ್ತೈತಿ.”

“ಯಕ್ಕಾ, ನೀ ನೂಲ ನೋಡ, ನಾಯಿ ನಾ ನೋಡತೇನಿ. ನಮ್ಮಪ್ಪ ನಾಯಿ ಸಾಕ್ಕೋತನ ಸತ್ತಾನ.”

ನಾನು ಕದ್ದಾದರೂ ಹಾಕಬೇಕಿತ್ತು. ಹಾಕಲಿಲ್ಲ. ಅವಳಿಗೆ ಗೊತ್ತಿದೆ ಎಂದು ಊರಿನವರಂತೆ ನಾನೂ ನಂಬಿದ್ದೆ.

ಒಂದು ದಿನ ಮೂಗಿನ ಮುಂದೆಯೇ ಇಲಿ ಓಡಿತು. ಗಡ್ಡ್ಯಾ ತಲೆ ಎತ್ತಲಿಲ್ಲ. “ತಿಂದು ಸೊಕ್ಕ ಬಂದೈತಿ” ಎಂದು ಗಂಗವ್ವ ಆ ಚೂರನ್ನೂ ನಿಲ್ಲಿಸಿದಳು. ಮರುದಿನ ಮುಂಜಾನೆ ಅದು ಆರಲು ಇಟ್ಟಿದ್ದ ಗಂಜಿಗೆ ಬಾಯಿ ಹಾಕಲು ಹೋಗಿ ಬೋಗುಣಿಯೊಳಗೇ ಬಿತ್ತು. ನಾನು ಬೈಯುತ್ತ ಎತ್ತಿ ಬಚ್ಚಲ ಕಲ್ಲಿನ ಮೇಲೆ ನಿಲ್ಲಿಸಿದೆ. ಗಂಗವ್ವ ಎರಡು ತಂಬಿಗೆ ನೀರು ಸುರಿದಳು. ಕೂದಲು ಮೈಗೆ ಅಂಟಿತು. ಮೂರಲ್ಲ, ಇದ್ದಬದ್ದ ಎಲುಬೆಲ್ಲ ಕಂಡವು. ಕಾಲು ನಡುಗಿ ನಾಯಿ ಅಲ್ಲೇ ಕುಸಿಯಿತು. ಅವಳು ಮೂರನೆಯ ತಂಬಿಗೆ ಹಿಡಿದುಕೊಂಡು ಹಾಗೇ ನಿಂತಳು.

ದನದ ಡಾಕ್ಟರು ಬಂದು ಸೂಜಿ ಮಾಡಿದರು. “ಅವ್ವಾರ, ಈ ಜಾತಿ ಕಣ್ಣಲೆ ನೋಡೂದಲ್ರಿ. ಕೂದಲದಾಗ ಕೈ ಹಾಕಿ ಮುಟ್ಟಿ ನೋಡಬೇಕ್ರಿ. ಈಗ ಒಮ್ಮಿಲೆ ಹೆಚ್ಚಿಗಿ ಹಾಕಬ್ಯಾಡ್ರಿ, ಸ್ವಲ್ಪ ಸ್ವಲ್ಪ ಹಾಕ್ರಿ.”

ಹತ್ತು ದಿನ ಗಂಗವ್ವ ಅದರ ಬಳಿಯಿಂದ ಏಳಲಿಲ್ಲ. ಹಾಲಲ್ಲಿ ರೊಟ್ಟಿ ಕಿವುಚಿ ಬೆರಳಿನಿಂದ ನೆಕ್ಕಿಸಿದಳು. ನಾಯಿ ಉಳಿಯಿತು.

ಆಮೇಲೆ ಗಲಗಲಿಯ ರೈತನೊಬ್ಬ ಬೇಟೆನಾಯಿಯ ಮರಿ ತಂದು, “ಅವ್ವಾ, ಹೆಂಗೈತಿ ನೋಡ್ರಿ” ಅಂದರೆ, “ನನಗ ನಾಯಿ ತಿಳಿಯಂಗಿಲ್ಲಪಾ” ಎಂದು ಒಳಗೆ ಎದ್ದು ಹೋದಳು. ನನಗೆ ತಲೆ ಕೆಟ್ಟಿತು.

“ಅವತ್ತ ಎಲ್ಲಾ ತಿಳೀತಿತ್ತ, ಇವತ್ತ ಏನೂ ತಿಳಿಯಂಗಿಲ್ಲ? ನಡುವ ಎಲ್ಲೂ ನಿಲ್ಲಾಕ ಬರೂದಿಲ್ಲೇನ ನಿನಗ?”

ಅವಳು ಹೊರಗೆ ಬಂದಳು. ಕಟ್ಟೆಯ ಮೇಲೆ ಕುಳಿತು ಗಡ್ಡ್ಯಾನ ಗಡ್ಡ ಬಾಚತೊಡಗಿದಳು. ಆಮೇಲೆ ಬಂದವರಿಗೂ ಅದೇ ಮಾತು. ಜನ ಬರುವುದೇ ನಿಂತಿತು.

ಹೋದ ವರ್ಷ ಅವಳಿಗೆ ಎದೆನೋವು ಬಂದು ಮಗಳು ಮುಧೋಳದ ದವಾಖಾನೆಗೆ ಕರೆದೊಯ್ಯಲು ಬಂದಳು. ಗಾಡಿ ನಿಂತಿದೆ, ಮಗಳು ಕೂಗುತ್ತಿದ್ದಾಳೆ. ಇವಳು ನನ್ನ ಕೈ ಹಿಡಿದೆಳೆದು ನಾಯಿಯ ಪಕ್ಕೆಗೆ ಒತ್ತಿದಳು.

“ಎಲುಬ ಇಷ್ಟ ಹತ್ತಬೇಕ ಯಕ್ಕಾ ಕೈಗೆ. ಇದಕ್ಕಿಂತ ಹೆಚ್ಚಿಗಿ ಹತ್ತಿದ್ರ ಹಸದೈತಿ ಅಂತ ತಿಳಿ.”

“ಕೂದಲ ನೂಲಿಗೆ ಹತ್ತತಾವ, ಬಿಡ. ಬಂದ ಮ್ಯಾಲ ನೀನ ನೋಡಕೋ” ಎಂದು ಕೈ ಕಸಿದುಕೊಂಡೆ.

ಅವಳು ಬರಲಿಲ್ಲ. ಅಲ್ಲೇ ತೀರಿಕೊಂಡಳು.

ಈಗ ದಿನಾ ಮುಂಜಾನೆ ನಾನೇ ಪಕ್ಕೆ ಮುಟ್ಟಿ ನೋಡುತ್ತೇನೆ. ಎಷ್ಟು ಹತ್ತಬೇಕೆಂದು ತೋರಿಸಿದ್ದಳೋ, ಕೈಗೆ ನೆನಪಿಲ್ಲ. ಬೇಗ ಕಸಿದುಕೊಂಡಿದ್ದೆ. ಅನುಮಾನ ಬಂದಾಗಲೆಲ್ಲ ಇನ್ನೊಂದು ಚೂರು ರೊಟ್ಟಿ ಹಾಕುತ್ತೇನೆ. ಗಡ್ಡ್ಯಾ ದಪ್ಪಗಾಗುತ್ತಿದೆ.