ಬಾಂಡೆ ಅಂಗಡಿಯ ಕಾಕಾ ಮತ್ತು ಸಮುದ್ರದ ಮೀನು

ಮೊನ್ನೆ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು ಒರೆಸುವಾಗ ಬಟ್ಟೆಗೆ ಬಿಳಿ ಪುಡಿ ಅಂಟಿತು. ಅದನ್ನು ಬೆರಳಲ್ಲಿ ಉಜ್ಜುತ್ತ ಒಬ್ಬನೇ ನಕ್ಕುಬಿಟ್ಟೆ. ಗಜೇಂದ್ರಗಡದ ಬಾಂಡೆ ಅಂಗಡಿಯ ಕಾಕಾ ನೆನಪಾಗಿದ್ದರು...

ಐವತ್ತರ ದಶಕದ ಕೊನೆಯ ವರ್ಷಗಳು. ಕಾರವಾರದ ಕಡೆಯವನಾದ ನಾನು ಗಜೇಂದ್ರಗಡದ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಹೋಗಿದ್ದೆ. ಹತ್ತಿರದ ಲಕ್ಕಲಕಟ್ಟಿ ಹಳ್ಳಿಯಿಂದ ಬರುತ್ತಿದ್ದ ಮಕ್ಕಳು ಸಮುದ್ರವೆಂದರೆ ದೊಡ್ಡ ಕೆರೆಯೇ ಎಂದು ಕೇಳುತ್ತಿದ್ದರು. ದೀಪಾವಳಿ ರಜೆ ಮುಗಿಸಿ ಬರುವಾಗ ನಾಲ್ಕು ಪಟ್ಟೆಮೀನುಗಳನ್ನೂ ಡಬ್ಬಗಟ್ಟಲೆ ಸಮುದ್ರದ ನೀರನ್ನೂ ತಂದು ಶಾಲೆಯ ಗಾಜಿನ ತೊಟ್ಟಿಗೆ ಬಿಟ್ಟೆ. ತೊಟ್ಟಿಯ ಮೇಲೆ ಕೂಡಿಸಿದ ಕಬ್ಬಿಣದ ಮುಚ್ಚಳ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯಿತು.

ಕಾಕಾನ ಅಂಗಡಿಗೆ ಹೋದೆ. ಆ ಸೀಮೆಯಲ್ಲಿ ಅಲ್ಯೂಮಿನಿಯಮ್ಮಿಗೆ 'ಜರ್ಮನ್' ಎಂದೇ ಹೆಸರು. ಜರ್ಮನ್ ಬಾಂಡೆ-ಪಾತ್ರೆ ಮಾರುವುದು, ತಗಡು ಬಡಿದು ಬೇಕಾದ್ದು ಮಾಡಿಕೊಡುವುದು ಅವರ ಕಸುಬು.

"ತುಕ್ಕು ಅನ್ನೋದ ಗೊತ್ತಿಲ್ರಿ ನಮ್ಮ ಜರ್ಮನ್‌ಗ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಿಂಗ ಇರ್ತೈತಿ" ಎಂದು ಎದೆಯುಬ್ಬಿಸಿದರು. ಮುಚ್ಚಳ, ಲಾಟೀನು ತೂಗಲು ಒಂದು ತೋಳು, ಎಲ್ಲಕ್ಕೂ ಹೊಳೆಯುವ ತಾಮ್ರದ ಮೊಳೆ ಹೊಡೆದು ಮಾಡಿಕೊಟ್ಟರು. ಬೆಳ್ಳಿ ಮಂಟಪದಂತಿತ್ತು.

ನೀರಿಗೆ ಸೈಕಲ್ ಪಂಪಿನಿಂದ ಗಾಳಿ ಊದುವಾಗ ಉಪ್ಪುನೀರು ಸಿಡಿಯುತ್ತಿತ್ತು. ತಿಂಗಳಾಗುವಷ್ಟರಲ್ಲಿ ಮೊಳೆಗಳ ಸುತ್ತ ಬಿಳಿ ಪುಡಿ, ಪುಡಿಯ ಕೆಳಗೆ ತೂತು. ಒಂದು ಮೀನು ಮಂಕಾಗಿ ಮೂಲೆ ಹಿಡಿಯಿತು. ಹೇಳಿ ಕಳಿಸಿದೆ. ಕಾಕಾ ಓಡಿಬಂದು ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದರು, ಮೀನನ್ನು ನೋಡಿದರು. ಅವರ ಮುಖ ಸಣ್ಣದಾಯಿತು.

"ಮಾಸ್ತರ್, ನನ್ನ ಜರ್ಮನ್ ಇದನ್ನ ಕೊಲ್ಲಾಕತ್ತೈತೇನ್ರಿ?"

ನನಗೂ ಗೊತ್ತಿರಲಿಲ್ಲ. ಅವರು ಮುಚ್ಚಳ ಕಿತ್ತುಕೊಂಡು ಹೋದರು. ಮರುದಿನ ನೋಡಿದರೆ ಅಂಗಡಿಯ ಕಟ್ಟೆಯ ಮೇಲೆ ಉಪ್ಪುನೀರಿನ ಆರು ಬಟ್ಟಲು, ಒಂದೊಂದರಲ್ಲೂ ತಗಡಿನ ಚೂರು. ಒಂದಕ್ಕೆ ತಾಮ್ರದ ಮೊಳೆ, ಒಂದಕ್ಕೆ ಜರ್ಮನ್ನಿನದೇ ಮೊಳೆ, ಇನ್ನೊಂದಕ್ಕೆ ಬಣ್ಣ... "ಕಾಕಾ ಜರ್ಮನ್ ಉಪ್ಪಿನಕಾಯಿ ಹಾಕ್ಯಾನ" ಎಂದು ಪೇಟೆಯೆಲ್ಲ ನಕ್ಕಿತು. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಎರಡು ವಾರ ಕಳೆದ ಮೇಲೆ ಶಾಲೆಯ ಬಾಗಿಲಲ್ಲಿ ನಿಂತು ಕೂಗಿದರು: "ಸಿಕ್ತ್ರಿ ಮಾಸ್ತರ್! ಉಪ್ಪಿನ್ಯಾಗ ತಾಮ್ರಕ್ಕೂ ಜರ್ಮನ್‌ಗೂ ಒಟ್ಟ ಆಗಿಬರಂಗಿಲ್ಲ!"

ಹೊಸ ಮುಚ್ಚಳಕ್ಕೆ ಜರ್ಮನ್ನಿನದೇ ಮೊಳೆ ಹೊಡೆದು, ದಪ್ಪಗೆ ಬಣ್ಣ ಬಳಿದು, ನೀರಿನಿಂದ ಗೇಣೆತ್ತರದಲ್ಲಿ ಕೂಡಿಸಿದರು. ನೀರು ಸಿಡಿಯದಂತೆ ನಡುವೆ ಒಂದು ಗಾಜು. ಡಬ್ಬಗಳಲ್ಲಿ ಉಳಿಸಿಟ್ಟಿದ್ದ ಸಮುದ್ರದ ನೀರು ಹಾಕಿ ನಾನು ತೊಟ್ಟಿಯ ಅರ್ಧ ನೀರು ಬದಲಿಸಿದೆ. ಮಂಕಾಗಿದ್ದ ಮೀನು ಮೂರನೆಯ ದಿನ ಬಾಲ ಬೀಸಿತು. ಕಾಕಾ ಶಾಲೆಗೆಲ್ಲ ಪೇಢೆ ಹಂಚಿದರು. ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ತಾವೇ ಹೇಳತೊಡಗಿದರು: "ಉಪ್ಪಿನಕಾಯಿಗೆ ಜರ್ಮನ್ ಬ್ಯಾಡವ್ವಾ, ಭರಣಿ ತಗೋ."

ಬೇಸಿಗೆಯ ಬಿಸಿಲು ಏರತೊಡಗಿದಾಗ ಮೀನುಗಳನ್ನು ಸಮುದ್ರಕ್ಕೇ ಬಿಡಲು ಹೊರಟೆ. ಕಾಕಾನೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮೀನಿನ ಡಬ್ಬ ಅವರ ತೊಡೆಯ ಮೇಲೆಯೇ ಇತ್ತು. ಕಾರವಾರದ ದಂಡೆಯಲ್ಲಿ ಧೋತರ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು, ಮೀನುಗಳನ್ನು ಒಂದೊಂದಾಗಿ ಬಿಟ್ಟರು. ಆಮೇಲೆ ದಿಗಂತದವರೆಗೆ ನೋಡಿ, "ಇದಕ್ಕ ಮುಚ್ಚಳ ಮಾಡಂದ್ರ ನನ್ನ ಕೈಲೆ ಆಗಂಗಿಲ್ಲ ಬಿಡ್ರಿ" ಎಂದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಮುಂದೆ ನನಗೆ ವರ್ಗವಾಯಿತು. ಕಾಕಾನಿಂದ ಒಂದೆರಡು ಕಾಗದ ಬಂದವು, ಆಮೇಲೆ ಅದೂ ನಿಂತಿತು... ಹೋದ ವರ್ಷ ಆ ಕಡೆ ಹೋದಾಗ ಅಂಗಡಿಯಲ್ಲಿ ಅವರ ಮಗಳಿದ್ದಳು. ಕಾಕಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ನನ್ನ ಗುರುತು ಹೇಳಿದೆ. ಅವಳು ಕುರ್ಚಿ ಎಳೆದು ಹಾಕಿ, "ಕುಂದರ್ರಿ ಮಾಸ್ತರ್. ಸಮುದ್ರಕ್ಕ ಬಿಟ್ಟ ಆ ಮೀನ ಬದುಕಿತೋ ಇಲ್ಲೋ ಅಂತ ಅಪ್ಪ ಕಡೀತನಕ ಕೇಳ್ತಿದ್ದ" ಎಂದಳು.

ಅವರಿದ್ದಾಗ ಒಂದು ಕಾಗದ ಬರೆದು, ಬದುಕಿರಬೇಕು ಕಾಕಾ ಎನ್ನಬಹುದಿತ್ತು. ಬರೆಯಲಿಲ್ಲ.