ಲಾಭ, ಎರಡು, ಮೂರು, ನಾಲ್ಕು

ಸೊಕ್ಕೆಯ ಚೈತ್ರಶ್ರೀಯನ್ನು ಗಂಡನ ಮನೆಗೆ ಕಳಿಸುವಾಗ ಯಾರೂ ಬಸ್ಸು ಹತ್ತಬೇಕಾಗಿರಲಿಲ್ಲ. ಸೋದರತ್ತೆ ಭೀಮಕ್ಕನ ಮಗ ಕೆಂಚೇಶನಿಗೇ ಕೊಟ್ಟಿದ್ದರು. ತವರಿನಿಂದ ಅತ್ತೆ ಮನೆಗೆ ಎರಡೇ ಓಣಿ. ದೂರ ಇದ್ದವನು ಗಂಡ ಮಾತ್ರ. ಮಿಲಿಟರಿಯವನು. ಮದುವೆಯಾಗಿ ಒಂಬತ್ತು ವರ್ಷವಾದರೂ ಅವನು ಊರಲ್ಲಿದ್ದ ದಿನಗಳನ್ನೆಲ್ಲ ಒಟ್ಟು ಹಾಕಿದರೆ ಎರಡು ವರ್ಷ ತುಂಬುವುದು ಕಷ್ಟ. ಅಷ್ಟರಲ್ಲೇ ನಾಲ್ಕು ಮಕ್ಕಳು. ಊರ ಹೆಂಗಸರು ನಗಾಡುವುದಕ್ಕೆ ಅಷ್ಟು ಸಾಕಲ್ಲ, ನಗಾಡಿದರು. ಚೈತ್ರಶ್ರೀಯೂ ಜೊತೆಗೆ ನಕ್ಕಳು.

ಅವಳ ಅಪ್ಪ ಓಬಳಪ್ಪನದು ಅಳೆಯುವ ಕೈ. ಯಾರ ಕಣದಲ್ಲಿ ರಾಶಿಯಾದರೂ ಬಳ್ಳ ಹಿಡಿಯಲು ಅವನೇ ಬೇಕು. ಮೊದಲ ಬಳ್ಳ ತುಂಬಿ ಸುರಿಯುವಾಗ ಅವನು ‘ಒಂದು’ ಅನ್ನುತ್ತಿರಲಿಲ್ಲ. ರಾಶಿಯ ಮುಂದೆ ಒಂದು ಅಂದರೆ ಒಂಟಿತನ ಕರೆದಂತೆ ಎಂದು ಹಿರಿಯರು ಹೇಳಿಕೊಟ್ಟ ಪ್ರಕಾರ ‘ಲಾಭ’ ಅನ್ನುತ್ತಿದ್ದ. ಆಮೇಲೆ ಎರಡು, ಮೂರು, ನಾಲ್ಕು. ಚಿಕ್ಕಂದಿನಲ್ಲಿ ಚೀಲದ ಬಾಯಿ ಹಿಡಿದು ನಿಲ್ಲುತ್ತಿದ್ದ ಚೈತ್ರಶ್ರೀಗೆ ಆ ಲೆಕ್ಕ ಮೈಗೆ ಹತ್ತಿಬಿಟ್ಟಿತ್ತು. ಕೋಳಿ ಎಣಿಸಿದರೂ ಲಾಭ, ರೊಟ್ಟಿ ಎಣಿಸಿದರೂ ಲಾಭ. ಮಕ್ಕಳನ್ನಂತೂ ಬರಿಯ ಅಂಕಿಯಲ್ಲಿ ಎಣಿಸಿದರೆ ದೃಷ್ಟಿಯಾಗುತ್ತದಲ್ಲ! ಹೊಸದಾಗಿ ಬಂದದ್ದೇ ಲಾಭವೆಂದು ಅವಳು ಕಿರಿಯದರಿಂದ ಶುರುಮಾಡುತ್ತಿದ್ದಳು. ಒಂಬತ್ತು ತಿಂಗಳ ಗೋಣೆಪ್ಪ ಲಾಭ, ಸಿರಿ ಎರಡು, ಮದಕರಿ ಮೂರು, ಎಂಟು ವರ್ಷದ ದುರ್ಗಾಶ್ರೀ ನಾಲ್ಕು. ಕೂಸಿಗೆ ಮುತ್ತಜ್ಜನ ಹೆಸರಿಟ್ಟು ಈಗಲೇ ಮುದುಕನನ್ನಾಗಿ ಮಾಡಿದವಳು ಭೀಮಕ್ಕ.

ದಿನಾ ಸಂಜೆ ಏಳಕ್ಕೆ ಕೆಂಚೇಶ ಜೋಧಪುರದಿಂದ ಫೋನು ಮಾಡುತ್ತಿದ್ದ. ವಿಡಿಯೋ ಹಾಕಿದರೆ ಅವನ ಮುಖ ಚೂರುಚೂರಾಗಿ ನಿಂತುಬಿಡುತ್ತಿತ್ತು, ನೆಟ್‌ವರ್ಕಿನ ಹಣೆಬರಹ. ಹಾಗಾಗಿ ಬರೀ ದನಿ. ಹೆಂಡತಿಯ ಲೆಕ್ಕವನ್ನೇ ಕಲಿತಿದ್ದ ಅವನು ಫೋನಿನಲ್ಲೇ ಹಾಜರಿ ಕರೆಯುತ್ತಿದ್ದ. “ಲಾಭ!” ಅಂದಾಗ ಚೈತ್ರಶ್ರೀ ಫೋನನ್ನು ಕೂಸಿನ ಕಿವಿಗೆ ಹಿಡಿಯುತ್ತಿದ್ದಳು. “ಎರಡು!” ಅಂದರೆ ಸಿರಿ “ಹೂಂ!” ಎಂದು ಕಿರುಚುತ್ತಿದ್ದಳು. ಹೀಗೆ ನಾಲ್ಕರವರೆಗೆ.

ಆದರೆ ಅವನ ಎದೆಯಲ್ಲೊಂದು ಮುಳ್ಳಿತ್ತು. ರಜೆಗೆ ಬಂದಾಗಲೆಲ್ಲ ಅವನ ಮಕ್ಕಳು ಅವನನ್ನೇ ನೋಡಿ ಅಳುತ್ತಿದ್ದವು. ದುರ್ಗಾಶ್ರೀ ಮೀಸೆ ನೋಡಿ ಚಿಟ್ಟನೆ ಚೀರಿದ್ದಳು. ಮದಕರಿ ಮೂರನೇ ದಿನ, “ಅಮ್ಮಾ, ಈ ಮಾವ ಯಾವಾಗ ಊರಿಗೆ ಹೋಗ್ತಾನೆ?” ಎಂದು ಕೇಳಿದ್ದ. ಸಿರಿ ಎರಡು ದಿನ ಮಂಚದ ಕೆಳಗಿದ್ದಳು. ಕೆಂಚೇಶ ಎಲ್ಲರ ಮುಂದೆ ನಕ್ಕು, ಹಿತ್ತಲಿಗೆ ಹೋಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಖ ತೊಳೆದುಕೊಂಡಿದ್ದನ್ನು ಚೈತ್ರಶ್ರೀ ನೋಡಿದ್ದಳು. ಗೋಣೆಪ್ಪ ಹುಟ್ಟಿದ ಮೇಲಂತೂ ಅವನಿಗೆ ರಜೆಯೇ ಸಿಕ್ಕಿರಲಿಲ್ಲ. ಈಗ ಕಡೆಗೂ ಕ್ವಾರ್ಟರ್ಸ್ ಸಿಕ್ಕಿತ್ತು, ಮಡಿಲ ಕೂಸು ಬಿಟ್ಟು, ಭೀಮಕ್ಕನದೂ ಸೇರಿ ಐದು ವಿಮಾನದ ಟಿಕೆಟ್ಟೂ ಬಂದಿತ್ತು.

“ಈ ಕೂಸಾದ್ರೂ ಅಳಬಾರ್ದು ಕಣೇ,” ಅಂದಿದ್ದ ಫೋನಿನಲ್ಲಿ. “ಮೀಸೆ ತೆಗೆಸಿಬಿಡ್ಲಾ?”

“ಮೀಸೆ ಮುಟ್ಟೀರಾ, ಹುಷಾರು! ಆಮೇಲೆ ನಾನೇ ಅಳ್ತೀನಿ,” ಅಂದಳು ಚೈತ್ರಶ್ರೀ.

ಅದಕ್ಕೆ ಭೀಮಕ್ಕ ಒಂದು ಉಪಾಯ ಹೂಡಿದ್ದಳು. “ಕೂಸು ಕಣ್ಣಿಂದ ಗುರುತು ಹಿಡಿಯಲ್ಲ ಕಣೇ, ಮೂಗಿಂದ ಹಿಡಿತೈತೆ. ಅವನ ಹಳೇ ಅಂಗಿ ಐತಲ್ಲ, ಅದನ್ನೇ ಹಾಸಿ ಮಲಗ್ಸು. ಒಗಿಯಾಕೆ ಹೋಗಬೇಡ.” ಒಂಬತ್ತು ತಿಂಗಳು ಒಗೆಯದ ಆ ಅಂಗಿಯಲ್ಲಿ ಅಪ್ಪನ ವಾಸನೆಗಿಂತ ಮಗನ ವಾಸನೆಯೇ ಹೆಚ್ಚಾಗಿತ್ತು ಅನ್ನುವುದು ಬೇರೆ ಮಾತು. ಚೈತ್ರಶ್ರೀ ಮಾತ್ರ ಅದನ್ನು ದೇವರ ಬಂಡಾರದಂತೆ ಕಾಪಾಡಿದ್ದಳು.

ಜೊತೆಗೆ ಬರಬೇಕಾಗಿದ್ದ ಭೀಮಕ್ಕ ಕಡೇ ಗಳಿಗೆಯಲ್ಲಿ ಕೈಕೊಟ್ಟಳು. “ನೆಲ ಬಿಟ್ಟು ಮೇಲಕ್ಕೆ ಒಂದೇ ಸಲ ಹೋಗೋದು, ಅದಕ್ಕಿನ್ನೂ ಟೈಮೈತೆ,” ಅಂದುಬಿಟ್ಟಳು. ಚೈತ್ರಶ್ರೀಯ ತಮ್ಮ ಕಲ್ಲೇಶ ಕಾರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲತನಕ ಬಿಟ್ಟ. ಟಿಕೆಟ್ಟಿಲ್ಲದವರು ಒಳಗೆ ಹೋಗುವಂತಿಲ್ಲವೆಂದು ಬಂದೂಕು ಹಿಡಿದವನು ತಡೆದ.

“ಅಕ್ಕಾ, ಹೆಂಗೆ ಹೋಗ್ತೀಯೇ ಒಬ್ಬಳೇ?” ಕಲ್ಲೇಶನ ಮುಖ ಸಣ್ಣಗಾಯಿತು.

“ಒಬ್ಬಳೇ ಎಲ್ಲೋ? ಐದು ಜನ ಇದೀವಿ,” ಅಂದಳು. ಧೈರ್ಯ ಬಾಯಲ್ಲಿ ಮಾತ್ರ ಇತ್ತು. ದಾವಣಗೆರೆಯ ಆಸ್ಪತ್ರೆಗಿಂತ ದೂರ ಅವಳು ಎಂದೂ ಹೋದವಳಲ್ಲ.

ಒಳಗೆ ಕೌಂಟರಿನ ಹುಡುಗಿ, “ಎಷ್ಟು ಮಕ್ಕಳು ಮೇಡಂ?” ಎಂದು ಕೇಳಿದಳು. ಚೈತ್ರಶ್ರೀ ಒಂದೊಂದೇ ತಲೆ ಮುಟ್ಟಿ, “ಲಾಭ, ಎರಡು, ಮೂರು, ನಾಲ್ಕು” ಅಂದಳು. ಮಕ್ಕಳು ಒಬ್ಬೊಬ್ಬರಾಗಿ “ಹೂಂ!” ಎಂದು ಕೂಗಿದವು. ಹುಡುಗಿ ಮುಂದಕ್ಕೆ ಬಾಗಿ ಒಂದನೆಯದನ್ನು ಹುಡುಕಿದಳು. ಚೈತ್ರಶ್ರೀ ಕೂಸನ್ನು ಎತ್ತಿ ತೋರಿಸಿ, “ಇದೇ ನೋಡ್ರಿ ಲಾಭ” ಎಂದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ನಗುವಿನಿಂದ ಅವಳ ಅಳುಕು ಅರ್ಧ ಇಳಿಯಿತು.

ತಪಾಸಣೆಯ ಜಾಗ ಬಂತು. ಮೈಮೇಲಿನದನ್ನು ಬಿಟ್ಟು ಎಲ್ಲವನ್ನೂ ಟ್ರೇಯಲ್ಲಿ ಹಾಕಬೇಕಂತೆ. ಬ್ಯಾಗು, ಫೋನು, ಮಂಡಕ್ಕಿಯ ಗಂಟು, ಕೂಸಿಗೆ ಸುತ್ತಿದ್ದ ಅಂಗಿ. ಪರದೆಯ ಹಿಂದೆ ಕರೆದು ಅವಳ ಮೈ ಸವರಿ ನೋಡಿ ಕಳಿಸಿದ ಮೇಲೆ ಸಾಮಾನು ಬಾಚಿಕೊಳ್ಳುತ್ತ ಲೆಕ್ಕ ಹಾಕಿದಳು. “ಲಾಭ. ಎರಡು!” “ಹೂಂ!” “ಮೂರು!”

ಮೂರು ಮಾತಾಡಲಿಲ್ಲ.

“ಮೂರು! ಏ ಮೂರು!” ಚೈತ್ರಶ್ರೀಯ ದನಿ ಆ ಗಾಜಿನ ಅರಮನೆಯಲ್ಲೆಲ್ಲ ಮೊಳಗಿತು. ಎಲ್ಲೋ ದೂರದಿಂದ, “ಹೂಂ!” ಎಂದು ಕೇಳಿಸಿತು. ನೋಡಿದರೆ ಮದಕರಿ, ತಾನೇ ಚಲಿಸುವ ನೆಲದ ಮೇಲೆ ಸಾಹುಕಾರನಂತೆ ಕೈಕಟ್ಟಿ ನಿಂತು ಹೋಗುತ್ತಿದ್ದಾನೆ! ಅವಳು ಓಡಿದಳು, ಮಕ್ಕಳು ಓಡಿದವು, ಕಂಕುಳಲ್ಲಿದ್ದ ಕೂಸು ಕುದುರೆ ಸವಾರಿಯೆಂದು ಕೇಕೆ ಹಾಕಿತು. ಬೆನ್ನಿಗೊಂದು ಬಿಗಿದು ಅವನನ್ನು ಎಳೆದುಕೊಂಡು ವಿಮಾನ ಹತ್ತುವಷ್ಟರಲ್ಲಿ ಹೆಸರು ಕರೆಯುವುದೂ ಮುಗಿಯುತ್ತಿತ್ತು.

ಸೀಟಿನಲ್ಲಿ ಕೂತು, ಕೂಸಿಗೆ ಹಾಲೂಡಿಸುವಾಗ ಹೊದಿಸಲು ಅಂಗಿ ಹುಡುಕಿದಳು. ಬ್ಯಾಗಿನಲ್ಲಿಲ್ಲ. ಹೆಗಲ ಮೇಲಿಲ್ಲ. ಟ್ರೇಯಲ್ಲೇ ಉಳಿದಿತ್ತು. ಇಳಿದು ಹೋಗಿ ತರೋಣವೆಂದರೆ ವಿಮಾನ ಆಗಲೇ ಹೊರಟಿತ್ತು. ಸ್ವಲ್ಪ ನಿಲ್ಲಿಸ್ರೀ ಅನ್ನಲು ಅದೇನು ಜಗಳೂರಿನ ಬಸ್ಸೇ? ಚೈತ್ರಶ್ರೀಗೆ ಅಳು ಬಂತು. ಒಂಬತ್ತು ತಿಂಗಳ ಜತನ ಒಂದು ಪ್ಲಾಸ್ಟಿಕ್ಕು ತಟ್ಟೆಯಲ್ಲಿ ಹೋಯಿತಲ್ಲ ಅಂದುಕೊಂಡಳು. ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ ಗಂಡ ಕಣ್ಣ ಮುಂದೆ ಬಂದ.

ಅಳುವುದಕ್ಕೆ ಪುರಸೊತ್ತಾದರೂ ಎಲ್ಲಿತ್ತು? ವಿಮಾನ ಮೇಲೇರಿದ್ದೇ ತಡ ಸಿರಿ, “ಅಮ್ಮಾ, ಕಿವಿ ಮುಚ್ಚೋಯ್ತು!” ಎಂದು ರಾಗ ತೆಗೆದಳು. ಅವಳ ರಾಗಕ್ಕೆ ಮದಕರಿ ದನಿಗೂಡಿಸಿದ. ಚೈತ್ರಶ್ರೀ ಮಂಡಕ್ಕಿಯ ಗಂಟು ಬಿಚ್ಚಿ ಒಬ್ಬೊಬ್ಬರ ಬಾಯಿಗೂ ಒಂದೊಂದು ಹಿಡಿ ತುಂಬಿದಳು. ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಅಗಿದು ನುಂಗುತ್ತ ನುಂಗುತ್ತ ಕಿವಿಯೂ ಬಿಟ್ಟಿತು, ರಾಗವೂ ನಿಂತಿತು. ಆಚೆ ಸಾಲಿನಲ್ಲಿ ದುರ್ಗಾಶ್ರೀಯ ಪಕ್ಕ ಕೂತಿದ್ದ ಕೋಟಿನ ಯಜಮಾನರು ಸ್ವಲ್ಪ ಹೊತ್ತು ನೋಡಿ, ಆಮೇಲೆ ತಾವೂ ಕೈ ಚಾಚಿದರು. ಜೋಧಪುರ ಬರುವಷ್ಟರಲ್ಲಿ ಗಂಟು ಖಾಲಿ.

ಕೆಂಚೇಶ ಬಾಗಿಲ ಹೊರಗೇ ಕಾಯುತ್ತಿದ್ದ. ಇಸ್ತ್ರಿ ಅಂಗಿ, ತೀಡಿದ ಮೀಸೆ. ಅಳುವ ವಯಸ್ಸು ದಾಟಿದ್ದ ಮೂರೂ ಮಕ್ಕಳು “ಅಪ್ಪಾ!” ಎಂದು ಓಡಿಹೋಗಿ ಕಾಲಿಗೆ ಜೋತುಬಿದ್ದವು. ಅವನ ಕಣ್ಣು ಮಾತ್ರ ಕೂಸಿನ ಮೇಲಿತ್ತು. ಹತ್ತಿರ ಬಂದು ಮೆಲ್ಲಗೆ ಎರಡೂ ಕೈ ಚಾಚಿದ.

ಗೋಣೆಪ್ಪ ಆ ಮೀಸೆಯನ್ನು ನೋಡಿದ. ಕೆಳತುಟಿ ಮುಂದೆ ಬಂತು, ಅದುರಿತು. ಆಮೇಲೆ ಇಡೀ ಜೋಧಪುರಕ್ಕೆ ಕೇಳುವಂತೆ ಕಿರುಚಿ ತಾಯಿಯ ಕೊರಳಲ್ಲಿ ಮುಖ ಹುದುಗಿಸಿದ.

“ಅಂಗಿ ಕಳ್ಕೊಂಡೆ ರೀ,” ಅಂದಳು ಚೈತ್ರಶ್ರೀ. “ಅತ್ತೆ ಹೇಳಿದ್ರು, ಅಷ್ಟು ದಿನ ಜ್ವಾಪಾನ ಮಾಡಿದ್ದೆ. ನಂದೇ ತಪ್ಪು.”

“ಅಂಗಿಗೇನ್ ಬಿಡು. ಹೊಸಾ ಜಾಗ, ಹೆದ್ರೈತೆ,” ಅಂದ ಕೆಂಚೇಶ. ಚಾಚಿದ ಕೈಗಳನ್ನು ಸುಮ್ಮನೆ ಹಿಂದಕ್ಕೆ ತರಲಾರದೆ ಅವುಗಳಿಗೆ ಬ್ಯಾಗು ಹಿಡಿಸಿದ. ಮುಖ ಆಚೆ ತಿರುಗಿಸಿ ರಸ್ತೆ ನೋಡಿದ. ಗಾಡಿ ರಸ್ತೆಯ ಆ ಬದಿಗಿತ್ತು. ದಾಟುವ ಮುಂಚೆ ಮಕ್ಕಳೆಲ್ಲ ಇದ್ದಾರೋ ನೋಡಬೇಕಲ್ಲ. ದಿನಾ ಸಂಜೆಯ ರೂಢಿಯಂತೆ ಬಾಯಿ ತಾನಾಗಿ ಆಡಿತು.

“ಲಾಭ!”

ಅಳು ಗಕ್ಕನೆ ನಿಂತಿತು. ಗೋಣೆಪ್ಪ ತಲೆ ಎತ್ತಿದ. ಅಪ್ಪನ ಕಡೆಗಲ್ಲ, ಅಮ್ಮನ ಕೈಯಲ್ಲಿದ್ದ ಫೋನಿನ ಕಡೆಗೆ ನೋಡಿದ. ಅದನ್ನು ತಟ್ಟಿದ. ಫೋನು ಸುಮ್ಮನಿತ್ತು.

ಚೈತ್ರಶ್ರೀ ಉಸಿರು ಹಿಡಿದಳು. “ಇನ್ನೊಂದ್ ಸಲ ಅನ್ರಿ,” ಎಂದು ಪಿಸುಗುಟ್ಟಿದಳು.

“ಲಾಭ,” ಅಂದ ಕೆಂಚೇಶ. ದನಿ ಒಡೆದಿತ್ತು.

ಕೂಸು ಫೋನು ನೋಡಿತು, ಮೀಸೆ ನೋಡಿತು, ಮೀಸೆಯ ಕೆಳಗೆ ಅಲುಗುವ ಬಾಯಿ ನೋಡಿತು. ಆಮೇಲೆ ತಾಯಿಯ ಕಂಕುಳಿಂದ ಪೂರ್ತಿ ಮುಂದಕ್ಕೆ ಬಾಗಿತು. ಬ್ಯಾಗು ನೆಲಕ್ಕೆ ಬಿತ್ತು. ಕೆಂಚೇಶ ಮಗನನ್ನು ಎತ್ತಿಕೊಂಡ.

“ಅಪ್ಪಾ, ಮುಂದಕ್ ಅನ್ನು! ನಾನು ಎರಡು!” ಸಿರಿ ಅವನ ಪ್ಯಾಂಟು ಹಿಡಿದು ಜಗ್ಗಿದಳು. ಮೂರೂ ನಾಲ್ಕೂ ಪಾಳಿಗಾಗಿ ಕಾಯುತ್ತ ನಿಂತಿದ್ದವು. ಆದರೆ ಎರಡು ಅನ್ನಲು ಕೆಂಚೇಶನ ಬಾಯಿ ಖಾಲಿ ಇರಲಿಲ್ಲ. ದನಿ ಎಲ್ಲಿಂದ ಬರುತ್ತದೆಂದು ನೋಡಲು ಗೋಣೆಪ್ಪ ತನ್ನ ನಾಲ್ಕೂ ಬೆರಳುಗಳನ್ನು ಅದರೊಳಗೆ ಹಾಕಿದ್ದ.